ಮಗ್ಗಿಯ ನಡುವಿನ ಹತ್ತು ಸೆಕೆಂಡು

ಏಳೈದ್ಲ ಮೂವತ್ತೈದು ಎನ್ನುತ್ತಿದ್ದ ಹುಡುಗಿ ಅಲ್ಲಿಗೇ ನಿಲ್ಲುತ್ತಾಳೆ. ಕಣ್ಣು ತೆರೆದೇ ಇದೆ, ರೆಪ್ಪೆ ಸಣ್ಣಗೆ ಅದುರುತ್ತದೆ. ಹತ್ತು ಸೆಕೆಂಡು ಕಳೆದು ಮತ್ತೆ ಬಾಯಿ ತೆರೆದರೆ ಮಗ್ಗಿ ತಪ್ಪಿರುತ್ತದೆ. ‘ಎಲ್ಲಿ ನೋಡ್ತಿದ್ದೀಯೆ ಮಾರಾಯ್ತಿ?’ ಎಂದು ಮೇಷ್ಟ್ರು ಗದರುತ್ತಾರೆ. ನೆಲಕ್ಕೆ ಬಿದ್ದು ಕೈಕಾಲು ಬಡಿದರಷ್ಟೇ ಫಿಟ್ಸ್ ಎಂದುಕೊಂಡ ನಮ್ಮಲ್ಲಿ, ‘ಆಬ್ಸೆನ್ಸ್’ ಎಂಬ ಈ ಬಗೆಯ ಮೂರ್ಛೆಗೆ ‘ಗಮನ ಸಾಲದು’ ಎಂಬ ಷರಾ ಬೀಳುತ್ತದೆ.

ಕರ್ನಾಟಕದ ನರವೈದ್ಯರು ತರಗತಿಗಿಂತ ಮೊದಲು ಹೊಕ್ಕಿದ್ದು ಬಚ್ಚಲನ್ನು. ತಲೆಗೆ ಬಿಸಿನೀರು ಹೊಯ್ದುಕೊಂಡಾಗ ಬರುವ ಮೂರ್ಛೆಯ ಬಗ್ಗೆ ಬೆಂಗಳೂರಿನ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲಿ ಬರೆದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತಿತರರು ಇಂಥ 279 ಮಂದಿಯ ವಿವರ ಪ್ರಕಟಿಸಿದರು. ಗಂಡುಮಕ್ಕಳಲ್ಲೇ ಹೆಚ್ಚು. ಹಂಡೆಯ ಒಲೆ ಆರದ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ; ನೀರಿನ ಬಿಸಿ ತಗ್ಗಿಸಿದರೆ ಎಷ್ಟೋ ಮಕ್ಕಳಿಗೆ ಅದೇ ಅರ್ಧ ಮದ್ದು.

ಆಮೇಲೆ ಬಂದದ್ದು ತಲೆಎಣಿಕೆಯ ಕಾಲ. 1990ರ ದಶಕದಲ್ಲಿ ಬೆಂಗಳೂರು ನಗರ ಮತ್ತು ಗ್ರಾಮಾಂತರದ ಲಕ್ಷಕ್ಕೂ ಹೆಚ್ಚು ಜನರನ್ನು ನಿಮ್ಹಾನ್ಸ್ ತಂಡ ಸಮೀಕ್ಷಿಸಿದಾಗ ಸಾವಿರಕ್ಕೆ ನಗರದಲ್ಲಿ 5.7, ಹಳ್ಳಿಯಲ್ಲಿ 11.9 ಮಂದಿಗೆ ಅಪಸ್ಮಾರ ಕಂಡಿತು. ಯಳಂದೂರಿನ ಹಳ್ಳಿಗಳಲ್ಲಿ ಫಿನೋಬಾರ್ಬಿಟಾಲ್, ಫೆನಿಟಾಯಿನ್‌ನಂಥ ಅಗ್ಗದ ಮಾತ್ರೆಗಳಿಂದಲೇ ರೋಗವನ್ನು ಹತೋಟಿಗೆ ತರಬಹುದೆಂಬ ಮಣಿಯವರ ಅಧ್ಯಯನವನ್ನು 2001ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿತು. ದೊಡ್ಡ ಕೆಲಸವೇ. ಆದರೆ ಫಿನೋಬಾರ್ಬಿಟಾಲ್ ಕೆಲವು ಮಕ್ಕಳನ್ನು ಮಂಕು ಮಾಡುತ್ತದೆ, ಕೆಲವರನ್ನು ಸಿಡುಕರನ್ನಾಗಿಸುತ್ತದೆ. ಫಿಟ್ಸ್ ನಿಂತಿತೆಂದು ಮನೆಯವರು ನಿಟ್ಟುಸಿರು ಬಿಟ್ಟ ಹೊತ್ತಿಗೇ ಮಗು ಪಾಠದಲ್ಲಿ ಹಿಂದೆ ಬಿದ್ದಿರಬಹುದು.

ಫಿಟ್ಸ್‌ನ ಆಚೆಗಿನ ಇಂಥ ತೊಂದರೆಗಳನ್ನು ಮೊದಮೊದಲು ಅಳೆದವರಲ್ಲಿ ಇಂಗ್ಲೆಂಡಿನವರೂ ಸೇರಿದ್ದಾರೆ. ಐಲ್ ಆಫ್ ವೈಟ್ ದ್ವೀಪದ ಶಾಲಾಮಕ್ಕಳ ಮೇಲೆ ಮೈಕೆಲ್ ರಟರ್ ತಂಡ ನಡೆಸಿ 1970ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ನರದೋಷವಿಲ್ಲದೆ ಅಪಸ್ಮಾರವೊಂದೇ ಇದ್ದ ಮಕ್ಕಳಲ್ಲೂ ಶೇ. 29ರಷ್ಟು ಮಂದಿಗೆ ನಡವಳಿಕೆಯ ಇಲ್ಲವೇ ಮನಸ್ಸಿನ ತೊಂದರೆ ಇತ್ತು. ಉಳಿದ ಮಕ್ಕಳಲ್ಲಿ ಅದು ಶೇ. 7ರ ಆಸುಪಾಸು. 2010ರಲ್ಲಿ ಅಮೆರಿಕದಿಂದ ಇನ್ನೂ ಚುರುಕಾದ ಉತ್ತರ ಬಂತು. ಆಬ್ಸೆನ್ಸ್ ಮೂರ್ಛೆಯ 453 ಮಕ್ಕಳಿಗೆ ಮೂರು ಬೇರೆ ಬೇರೆ ಔಷಧ ಕೊಟ್ಟು ನೋಡಿದರು. ವಾಲ್‌ಪ್ರೊಯೇಟ್ ಮತ್ತು ಎಥೊಸಕ್ಸಿಮೈಡ್ ಎರಡೂ ಮೂರ್ಛೆ ನಿಲ್ಲಿಸುವುದರಲ್ಲಿ ಸರಿಸಮ. ಗಮನದ ಕೊರತೆ ಮಾತ್ರ ಮೊದಲನೆಯದರಲ್ಲಿ ಶೇ. 49, ಎರಡನೆಯದರಲ್ಲಿ ಶೇ. 33. ಅಂದರೆ ಚೀಟಿ ಬರೆಯುವ ಕೈ ಮಗುವಿನ ಅಂಕಪಟ್ಟಿಯನ್ನೂ ಒಂದಿಷ್ಟು ಬರೆಯುತ್ತದೆ.

ಮಲೆನಾಡಿನಲ್ಲಿ ಚಿಕಿತ್ಸೆಯ ಈ ತೊಡಕಿಗೆ ಮಳೆ, ದಾರಿ ಎರಡೂ ಸೇರಿಕೊಳ್ಳುತ್ತವೆ. ಮಾತ್ರೆ ಎರಡು ದಿನ ತಪ್ಪಿದರೂ ಮೂರ್ಛೆ ಮರಳಬಹುದು. ಶರಾವತಿ ಹಿನ್ನೀರಿನಾಚೆಯ ತುಮರಿ ಸೀಮೆಯವರು 2025ರ ಜುಲೈನಲ್ಲಿ ಸೇತುವೆ ಆಗುವವರೆಗೆ ಸಾಗರಕ್ಕೆ ಬರಲು ಲಾಂಚ್ ಕಾಯಬೇಕಿತ್ತು. ಹದಿಹರೆಯದಲ್ಲಿ ಶುರುವಾಗುವ ಇನ್ನೊಂದು ಬಗೆಯ ಮೂರ್ಛೆಯೂ ಇದೆ: ಬೆಳಗ್ಗೆ ಎದ್ದ ಕೂಡಲೇ ಕೈ ಜಗ್ಗಿ ಕಾಫಿ ಲೋಟ ಬೀಳುತ್ತದೆ. ನಿದ್ದೆಗೆಟ್ಟರೆ ಇದು ಕೆರಳುತ್ತದೆ. ಎಸ್ಸೆಸ್ಸೆಲ್ಸಿಯ ರಾತ್ರಿ ಓದು, ಬೆಳತನಕದ ಯಕ್ಷಗಾನ ಎರಡೂ ಇಲ್ಲಿ ಲೆಕ್ಕಕ್ಕೆ ಬರುತ್ತವೆ. ಆಟ ನೋಡಲೇಬಾರದು ಎಂದರೆ ಮಲೆನಾಡಿನ ಹುಡುಗ ಯಾವ ವೈದ್ಯರ ಮಾತನ್ನು ಕೇಳಿಯಾನು!

ಹೆಣ್ಣುಮಕ್ಕಳ ಪಾಡು ಬೇರೆ. ವಿವಾಹ ಕಾನೂನುಗಳಿಂದ ಅಪಸ್ಮಾರದ ಉಲ್ಲೇಖವನ್ನು 1999ರಲ್ಲೇ ಕಿತ್ತುಹಾಕಿದ್ದರೂ, ಮುಂದೆ ಮದುವೆಗೆ ತೊಡಕಾದೀತೆಂದು ಶಾಲೆಗೆ ತಿಳಿಸದವರಿದ್ದಾರೆ. ವಾಲ್‌ಪ್ರೊಯೇಟ್ ಬಸಿರಿನಲ್ಲಿ ಶಿಶುವಿಗೆ ಹಾನಿ ಮಾಡಬಲ್ಲದು. ಹದಿಹರೆಯದಲ್ಲೇ ವೈದ್ಯರೊಂದಿಗೆ ಆಡಬೇಕಾದ ಈ ಮಾತೂ ಗುಟ್ಟಿನಡಿ ಹೂತುಹೋಗುತ್ತದೆ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ 2013ರಿಂದ ಸೆಳೆತದ ಕಾಯಿಲೆಯೂ ಇದೆ. ಆದರೆ ತಂಡ ಬಂದ ದಿನವೇ ಆ ಹತ್ತು ಸೆಕೆಂಡು ಬರಬೇಕಲ್ಲ! ಅದನ್ನು ಕಾಣುವ ಅವಕಾಶವಿರುವುದು ದಿನವೂ ಮಗ್ಗಿ ಕೇಳುವ ಮೇಷ್ಟ್ರಿಗೆ. ದೊಡ್ಡ ಫಿಟ್ಸ್ ಬಂದರೆ ಮಗುವನ್ನು ಮಗ್ಗುಲಿಗೆ ಹೊರಳಿಸಬೇಕು, ಬಾಯಿಗೆ ಏನೂ ತುರುಕಬಾರದು, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು. ಗೊತ್ತಿಲ್ಲದ ಕಡೆ ಇವತ್ತಿಗೂ ಯಾರೋ ಓಡಿಹೋಗಿ ಆಫೀಸು ರೂಮಿನ ಕಬ್ಬಿಣದ ಬೀಗದ ಕೈ ತಂದು ಮಗುವಿನ ಮುಷ್ಟಿಗೆ ಹಿಡಿಸುತ್ತಾರೆ.