ಒಂದು ರೈಫಲು, ಹಲವು ರೂಪಗಳು: ಸ್ಕಾರ್ ಆಯುಧಕುಲದ ಚರಿತ್ರೆ

ಆಯುಧಗಳ ಚರಿತ್ರೆಯನ್ನು ಬರೆಯುವವರು ಯಂತ್ರರಚನೆಯನ್ನು ವರ್ಣಿಸಿ ಅಷ್ಟಕ್ಕೇ ತೃಪ್ತರಾಗುವುದುಂಟು. ಆದರೆ ಯಾವ ಆಯುಧವೂ ಕಾರ್ಖಾನೆಯಿಂದ ನೇರವಾಗಿ ರಣಭೂಮಿಗೆ ಹೋಗುವುದಿಲ್ಲ. ಖಜಾನೆಯ ಲೆಕ್ಕ, ಉಗ್ರಾಣದ ದಾಸ್ತಾನು, ಸೈನಿಕರ ಅಭ್ಯಾಸ ಇವೆಲ್ಲ ನಡುವೆ ಬಂದು ನಿಲ್ಲುತ್ತವೆ. ಬೆಲ್ಜಿಯಂ ದೇಶದ ಎಫ್.ಎನ್. ಸಂಸ್ಥೆಯು ಅಮೆರಿಕದ ವಿಶೇಷ ಪಡೆಗಳಿಗಾಗಿ ರೂಪಿಸಿದ ಸ್ಕಾರ್ ರೈಫಲಿನ ಚರಿತ್ರೆಯು ಇದಕ್ಕೆ ತಕ್ಕ ನಿದರ್ಶನ. ಒಂದೇ ಆಯುಧವು ಭಾಗಗಳ ಬದಲಾವಣೆಯಿಂದ ಹಲವು ಆಯುಧಗಳ ಕೆಲಸವನ್ನು ಮಾಡಬೇಕೆಂಬ ಆಸೆಯಿಂದ ಅದು ಹುಟ್ಟಿತು. ಆ ಆಸೆ ಎಷ್ಟರಮಟ್ಟಿಗೆ ಕೈಗೂಡಿತು, ಕೈಗೂಡದೆಡೆ ಕಾರಣವೇನು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಿಸುತ್ತೇವೆ.

ಲಿಯೇಜ್ ನಗರದ ಬಳಿಯ ಹೆರ್ಸ್ಟಾಲಿನಲ್ಲಿ 1889ರಲ್ಲಿ ಸ್ಥಾಪಿತವಾದ ಎಫ್.ಎನ್. ಕಾರ್ಖಾನೆಯ ಹೆಸರು ನಮಗೆ ಅಪರಿಚಿತವೇನಲ್ಲ. ಭಾರತೀಯ ಸೈನ್ಯವು ಬಹುಕಾಲ ಬಳಸಿದ, ಇಶಾಪುರದಲ್ಲಿ ತಯಾರಾದ 1ಎ1 ರೈಫಲು ಅದೇ ಸಂಸ್ಥೆಯ ಎಫ್.ಎ.ಎಲ್. ಮಾದರಿಯನ್ನು ಅನುಸರಿಸಿದ್ದು. ಎಫ್.ಎ.ಎಲ್. ಹಾರಿಸುತ್ತಿದ್ದುದು 7.62 ಮಿಲಿಮೀಟರ್ ವ್ಯಾಸದ ಬಲವಾದ ಗುಂಡನ್ನು. 1960ರ ದಶಕದಲ್ಲಿ ಅಮೆರಿಕವು 5.56 ಮಿಲಿಮೀಟರಿನ ಸಣ್ಣ ಗುಂಡಿಗೆ ತಿರುಗಿತು. 1980ರಲ್ಲಿ ನ್ಯಾಟೋ ಒಕ್ಕೂಟವೂ ಅದನ್ನು ತನ್ನ ಎರಡನೆಯ ಪ್ರಮಾಣವಾಗಿ ಅಂಗೀಕರಿಸಿತು. ಸಣ್ಣ ಗುಂಡು ಹಗುರ. ಸೈನಿಕನು ಹೆಚ್ಚು ಗುಂಡುಗಳನ್ನು ಹೊರಬಲ್ಲನು, ಹೆಗಲಿಗೆ ಬೀಳುವ ಹಿನ್ನೂಕೂ ಕಡಮೆ. ದೊಡ್ಡ ಗುಂಡಾದರೋ ದೂರಕ್ಕೆ ಹೋಗುತ್ತದೆ, ತಡೆಗಳನ್ನು ಭೇದಿಸುತ್ತದೆ. ಈ ಎರಡು ಗುಣಗಳನ್ನು ಒಂದೇ ಬಂದೂಕಿನಲ್ಲಿ ಸೇರಿಸುವುದು ಹೇಗೆ ಎಂಬುದೇ ಮುಂದಿನ ಪ್ರಶ್ನೆಯಾಯಿತು.

ಭಾಗಗಳನ್ನು ಬದಲಿಸಿ ಬಳಸುವ ಯೋಚನೆ ಅದಕ್ಕೂ ಹಳೆಯದು. ಯೂಜೀನ್ ಸ್ಟೋನರ್ ಎಂಬ ಅಮೆರಿಕನ್ ಶಿಲ್ಪಿಯು ರೂಪಿಸಿದ ಸ್ಟೋನರ್-63 ಎಂಬ ಆಯುಧದಲ್ಲಿ ಒಂದೇ ಒಡಲು ರೈಫಲಿಗೂ ಮೆಷಿನ್ ಗನ್ನಿಗೂ ಆಧಾರವಾಗಿತ್ತು. ಒಡಲನ್ನು ಮೇಲುಕೆಳಗಾಗಿ ತಿರುಗಿಸಿ ಬೇರೆ ನಳಿಗೆಯನ್ನು ಜೋಡಿಸಿದರೆ ರೈಫಲು ಮೆಷಿನ್ ಗನ್ನಾಗುತ್ತಿತ್ತು. 1967ರಲ್ಲಿ ಅಮೆರಿಕದ ಮೆರೀನ್ ದಳವು ಇದನ್ನು ವಿಯೆಟ್ನಾಮಿನಲ್ಲಿ ಪರೀಕ್ಷಿಸಿತಾದರೂ ಅಂಗೀಕರಿಸಲಿಲ್ಲ. ನೌಕಾದಳದ ಸೀಲ್ ಪಡೆಯವರು ಅದನ್ನು ಮೆಚ್ಚಿ ಬಳಸಿದರು; ಆದರೆ ಹೆಚ್ಚಾಗಿ ಒಂದೇ ರೂಪದಲ್ಲಿ, ಹಗುರ ಮೆಷಿನ್ ಗನ್ನಾಗಿ. ಆಸ್ಟ್ರಿಯಾ ಸೈನ್ಯವು 1977ರಲ್ಲಿ ಸ್ವೀಕರಿಸಿದ ಸ್ಟೈಯರ್ ರೈಫಲಿನ ನಳಿಗೆಯನ್ನು ಕೈಯಿಂದಲೇ ಕಳಚಿ, ಬೇರೆ ಉದ್ದದ ನಳಿಗೆಯನ್ನು ಹಾಕಬಹುದಾಗಿತ್ತು. ಅದು ಬಹುಕಾಲ ಬಾಳಿತು.

ಅಮೆರಿಕದ ವಿಶೇಷ ಕಾರ್ಯಾಚರಣಾ ಕಮಾಂಡು 1987ರಲ್ಲಿ ಸ್ಥಾಪಿತವಾಯಿತು. ಭೂಸೈನ್ಯದ ನಿರ್ಧಾರಕ್ಕೆ ಕಾಯದೆ ತನ್ನ ಪಡೆಗಳಿಗೆ ಬೇಕಾದ ಸಾಧನಗಳನ್ನು ತಾನೇ ಕೊಳ್ಳುವ ಅಧಿಕಾರವೂ ಪ್ರತ್ಯೇಕ ಹಣವೂ ಅದಕ್ಕಿದ್ದವು. 2003ರಲ್ಲಿ ಅದು ಹೊಸ ರೈಫಲಿಗಾಗಿ ತಯಾರಕರನ್ನು ಆಹ್ವಾನಿಸಿತು, 2004ರಲ್ಲಿ ಎಫ್.ಎನ್. ಸಂಸ್ಥೆಯ ಮಾದರಿಯು ಆಯ್ಕೆಯಾಯಿತು. ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಇದ್ದ ಆಯುಧವೊಂದನ್ನು ತಿದ್ದಿಕೊಳ್ಳದೆ, ಬಳಸುವವರೇ ತಮಗೆ ಬೇಕಾದ ಗುಣಗಳನ್ನು ಮುಂದಾಗಿ ಬರೆದುಕೊಟ್ಟು ಹೊಸದನ್ನು ಮಾಡಿಸಿದರು.

ಸ್ಕಾರ್ ಕುಲದಲ್ಲಿ ಎರಡು ಮುಖ್ಯ ಶಾಖೆಗಳು. ಹಗುರ ಶಾಖೆಯಾದ ಮಾರ್ಕ್-16, 5.56 ಮಿಲಿಮೀಟರಿನದು, 30 ಗುಂಡುಗಳ ಪೆಟ್ಟಿಗೆಯುಳ್ಳದ್ದು. ಭಾರ ಶಾಖೆಯಾದ ಮಾರ್ಕ್-17, 7.62 ಮಿಲಿಮೀಟರಿನದು, 20 ಗುಂಡುಗಳ ಪೆಟ್ಟಿಗೆಯುಳ್ಳದ್ದು. ಮೊದಲನೆಯದಕ್ಕೆ 10, 14, 18 ಅಂಗುಲಗಳ, ಎರಡನೆಯದಕ್ಕೆ 13, 16, 20 ಅಂಗುಲಗಳ ನಳಿಗೆಗಳು. ಗಿಡ್ಡವಾದುದು ಮನೆ ಓಣಿಗಳ ಹೋರಾಟಕ್ಕೆ, ಉದ್ದವಾದುದು ದೂರದ ಗುರಿಗೆ. ಮೇಲಿನ ಒಡಲು ಅಲ್ಯೂಮಿನಿಯಮಿನದು. ಕುದುರೆಯಿರುವ ಕೆಳಭಾಗವು ಪ್ಲಾಸ್ಟಿಕ್ ಜಾತಿಯ ವಸ್ತುವಿನದು. ಹಿಂಬದಿಯ ದಿಮ್ಮಿಯನ್ನು ಮಡಚಬಹುದು, ಭುಜಕ್ಕೆ ತಕ್ಕಂತೆ ಉದ್ದ ಮಾಡಬಹುದು. ಸಿಡಿದ ಮದ್ದಿನ ಅನಿಲವು ಒಂದು ಗಿಡ್ಡ ಪಿಸ್ಟನ್ನನ್ನು ತಳ್ಳಿ ಯಂತ್ರವನ್ನು ನಡೆಸುತ್ತದೆ. ಎರಡು ಶಾಖೆಗಳ ಹಲವು ಭಾಗಗಳು ಸಮಾನವಾದುದರಿಂದ ಒಂದನ್ನು ಕಲಿತವನು ಇನ್ನೊಂದನ್ನು ಸುಲಭವಾಗಿ ಬಳಸಬಲ್ಲನು. ಇವುಗಳ ಜೊತೆಗೆ ಗುರಿಕಾರರಿಗಾಗಿ ಮಾರ್ಕ್-20, ರೈಫಲಿನ ಕೆಳಗೆ ಜೋಡಿಸಿಯೂ ಬೇರೆಯಾಗಿಯೂ ಬಳಸಬಹುದಾದ ಮಾರ್ಕ್-13 ಗ್ರೆನೇಡ್ ಹಾರಿಕೆಯ ಸಾಧನ ಇವೂ ಹುಟ್ಟಿಕೊಂಡವು.

2009ರಲ್ಲಿ 75ನೆಯ ರೇಂಜರ್ ರೆಜಿಮೆಂಟಿನ ಸೈನಿಕರು ಈ ರೈಫಲುಗಳನ್ನು ಯುದ್ಧಭೂಮಿಗೆ ಕೊಂಡೊಯ್ದರು. ಮರುವರ್ಷವೇ, ಎಂದರೆ 2010ರಲ್ಲಿ, ಕಮಾಂಡು ಮಾರ್ಕ್-16ರ ಖರೀದಿಯನ್ನು ನಿಲ್ಲಿಸಿತು. ಭಾರ ಶಾಖೆಯನ್ನೂ ಅದರ ಸಹಚರ ಆಯುಧಗಳನ್ನೂ ಮಾತ್ರ ಉಳಿಸಿಕೊಂಡಿತು. ಹಗುರ ರೈಫಲು ಕೆಟ್ಟದ್ದೆಂದು ಯಾರೂ ಹೇಳಲಿಲ್ಲ. ಕೈಯಲ್ಲಿದ್ದ ಎಂ-4 ಕಾರ್ಬೈನಿಗಿಂತ ಅದು ತೋರಿದ ಮೇಲ್ಮೆಯು ವೆಚ್ಚಕ್ಕೆ ತಕ್ಕಷ್ಟಲ್ಲ ಎಂಬುದು ಕಮಾಂಡು ಕೊಟ್ಟ ಕಾರಣ.

ಈ ತೀರ್ಮಾನದ ಹಿಂದೆ ಇನ್ನೊಂದು ಸಂಗತಿಯಿದೆಯೆಂದು ನಮಗೆ ತೋರುತ್ತದೆ. 1995ರಲ್ಲಿ ಅಮೆರಿಕದ ಸೈನ್ಯವು ಬಂದೂಕಿನ ಮೇಲೆ ದೂರದರ್ಶಕ, ದೀಪ ಮುಂತಾದ ಉಪಕರಣಗಳನ್ನು ಕೂರಿಸಲು ಹಲ್ಲುಗಳಿರುವ ಒಂದು ಪಟ್ಟಿಗೆ ನಿಶ್ಚಿತ ಅಳತೆಯನ್ನು ಗೊತ್ತುಮಾಡಿತು. ಅದನ್ನು ಪಿಕಟಿನಿ ಪಟ್ಟಿಯೆನ್ನುತ್ತಾರೆ. ಆ ಪಟ್ಟಿಯನ್ನು ಪಡೆದ ಹಳೆಯ ಕಾರ್ಬೈನು ಸದ್ದಿಲ್ಲದೆ ತಾನೂ ಬಹುರೂಪಿಯಾಯಿತು. ಯುದ್ಧಭೂಮಿಯಲ್ಲಿ ನಿಂತ ಸೈನಿಕನು ನಳಿಗೆಯನ್ನು ಬದಲಿಸಿದರೆ ಗುರಿಯನ್ನು ಪುನಃ ಸರಿಪಡಿಸಿಕೊಳ್ಳಬೇಕು. ದೀಪವನ್ನು ಬದಲಿಸಿದರೆ ಆ ತೊಂದರೆಯಿಲ್ಲ. ಅವನಿಗೆ ಬೇಕಾಗಿದ್ದ ಮಾರ್ಪಾಟು ಬಹುಪಾಲು ಇಂತಹುದೇ ಆಗಿತ್ತು. ಆ ಕಾರ್ಬೈನಿನ ಮೂಲಶಿಲ್ಪಿಯೂ ಹಿಂದೆ ಹೇಳಿದ ಸ್ಟೋನರನೇ ಎಂಬುದು ಗಮನಾರ್ಹ. ಅವನ ಬಹುರೂಪಿ ಆಯುಧವು ಸೋತಿತು. ಅವನ ಸರಳ ಆಯುಧವು ಕಾಲಕ್ರಮದಲ್ಲಿ ಬಹುರೂಪಿಯಾಗಿ ಗೆದ್ದಿತು.

ಭಾರ ಶಾಖೆಯ ಪಾಡು ಬೇರೆ. ಆಫ್ಘಾನಿಸ್ತಾನದ ಬೆಟ್ಟಗುಡ್ಡಗಳಲ್ಲಿ ದೂರದಿಂದ ಗುಂಡು ಹಾರಿಸುವ ವೈರಿಗೆ ಉತ್ತರ ಕೊಡಲು 7.62ರ ಬಲ ಬೇಕಾಗಿತ್ತು. ಅಷ್ಟು ಹಗುರವೂ ಮಡಚಬಹುದಾದುದೂ ಆದ ಬೇರೆ ರೈಫಲು ಆ ಪಡೆಗಳ ಉಗ್ರಾಣದಲ್ಲಿ ಇರಲಿಲ್ಲ. ಬೇರೆ ದೇಶಗಳಲ್ಲಿಯೂ ಸ್ಕಾರ್ ನೆಲೆಯೂರಿತು. 1960ರ ದಶಕದಿಂದ ಜಿ-3 ರೈಫಲನ್ನು ಬಳಸುತ್ತಿದ್ದ ಪೋರ್ಚುಗಲ್ ಸೈನ್ಯವು 2019ರಲ್ಲಿ ಸ್ಕಾರ್‌ನ ಎರಡು ಶಾಖೆಗಳನ್ನೂ ಆರಿಸಿಕೊಂಡಿತು. ಫ್ರಾನ್ಸ್ ತನ್ನ ಗುರಿಕಾರರಿಗಾಗಿ ಭಾರ ಶಾಖೆಯ ಒಂದು ರೂಪವನ್ನು ಸ್ವೀಕರಿಸಿತು. ಹಳೆಯ ಬಂದೂಕು ಸವೆದಿದ್ದೆಡೆ ಹೊಸದು ಸುಲಭವಾಗಿ ಬೇರುಬಿಟ್ಟಿತು. ಹಳೆಯದು ಇನ್ನೂ ಕೆಲಸಕ್ಕೆ ಬರುತ್ತಿದ್ದೆಡೆ ಅದಕ್ಕೆ ಜಾಗ ಸಿಗಲಿಲ್ಲ.

ಇದರಿಂದ ನಾವು ಗ್ರಹಿಸಬೇಕಾದುದು ಇಷ್ಟು. ಒಂದು ಆಯುಧವು ಎಷ್ಟು ರೂಪಗಳನ್ನು ತಾಳಬಲ್ಲದು ಎಂಬುದು ಯಂತ್ರಶಾಸ್ತ್ರದ ಪ್ರಶ್ನೆ; ಅವುಗಳಲ್ಲಿ ಯಾವುದನ್ನು ತಾಳಿತು ಎಂಬುದು ಚರಿತ್ರೆಯ ಪ್ರಶ್ನೆ. ತಯಾರಕರ ಪಟ್ಟಿಯನ್ನು ಓದಿ ಮೊದಲನೆಯದಕ್ಕೆ ಉತ್ತರ ಹೇಳಬಹುದು. ಎರಡನೆಯದಕ್ಕೆ ಖರೀದಿಯ ದಾಖಲೆಗಳನ್ನೂ ಭೂಮಿಯ ಸ್ವರೂಪವನ್ನೂ ಸೈನಿಕನ ಹೆಗಲ ಮೇಲಿನ ಭಾರವನ್ನೂ ಒಟ್ಟಿಗೆ ತೂಗಿನೋಡಬೇಕು. ಆಯುಧಗಳ ಚರಿತ್ರೆಯನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳು ಈ ಭೇದವನ್ನು ಮರೆಯದಿರುವುದು ಒಳ್ಳೆಯದು.