ಗಾಲಿಯ ಹಾದಿಯೂ ಹೇರೆತ್ತಿನ ಹಾದಿಯೂ

ಬೈಸಿಕಲ್ಲನ್ನೇರಿ ದೇಶಸಂಚಾರ ಮಾಡಿದವರ ವೃತ್ತಾಂತಗಳು ವಾಚಕರಿಗೆ ಅಪರಿಚಿತವಲ್ಲ. ಹತ್ತೊಂಬತ್ತನೆಯ ಶತಮಾನದ ಅಂತ್ಯದಲ್ಲಿ ಅಮೆರಿಕದ ವರ್ಕ್‌ಮನ್ ದಂಪತಿಗಳು ಭರತಖಂಡವೇ ಮೊದಲಾದೆಡೆಗಳಲ್ಲಿ 14,000 ಮೈಲಿ ಸುತ್ತಿ, 1904ರಲ್ಲಿ ಅದರ ಕಥನವನ್ನು ಪ್ರಕಟಿಸಿದರು. 1923ರಲ್ಲಿ ಮುಂಬಯಿಯಿಂದ ಹೊರಟ ಪಾರಸೀ ತರುಣರ ಪೈಕಿ ಅಡಿ ಹಕೀಮ್, ಜಾಲ್ ಬಾಪಾಸೋಲ, ರುಸ್ತುಂ ಭೂಮಗಾರ ಎಂಬ ಮೂವರು ಭೂಪ್ರದಕ್ಷಿಣೆಯನ್ನು ಪೂರೈಸಿ 1928ರಲ್ಲಿ ಹಿಂದಿರುಗಿದರು. ಇಂಥವರ ಸಾಹಸವನ್ನು ಕೊಂಡಾಡುವ ನಾವು, ಗಾಲಿಗೆ ಮುಂಚೆ ಆ ಹಾದಿಯಲ್ಲಿ ನಡೆದವರಾರೆಂದು ವಿಚಾರಿಸುವುದು ಅಪರೂಪ. ಈ ವಿಚಾರಣೆಗೆ ದೂರ ಹೋಗಬೇಕಾದುದಿಲ್ಲ. ನಮ್ಮ ಸೀಮೆಯೇ ಸಾಕು.

ನ್ಯಾಮತಿಯಿಂದ ಹೊನ್ನಾಳಿ, ಚನ್ನಗಿರಿಗಳ ಮೇಲೆ ಜಗಳೂರಿನವರೆಗೆ ಬೈಸಿಕಲ್ಲಿನಲ್ಲಿ ಹೋಗುವವನು ಮಲೆನಾಡಿನ ಸೆರಗಿನಿಂದ ಹೊರಟು, ತುಂಗಭದ್ರೆಯನ್ನು ದಾಟಿ, ಕೆಳದಿಯ ಚೆನ್ನಮ್ಮಾಜಿಯ ಹೆಸರನ್ನು ಹೊತ್ತ ಚನ್ನಗಿರಿಯ ದುರ್ಗವನ್ನು ಕಂಡು, ಎರಡು ಗುಡ್ಡಗಳ ನಡುವೆ ಹರಿದ್ರಾ ತೊರೆಯನ್ನು ತಡೆದು ಕಟ್ಟಿದ ಸೂಳೆಕೆರೆಯ ಏರಿಯಲ್ಲಿ ದಣಿವಾರಿಸಿಕೊಳ್ಳಬಹುದು. ಮುಂದೆ ಮಳೆ ಕಡಮೆ, ನೆಲ ಒಣನೆಲ. ಜಗಳೂರಿನ ಕುರುಚಲು ಕಾಡಿನಲ್ಲಿ ನಾಲ್ಕು ಕೊಂಬಿನ ಕೊಂಡುಕುರಿ ಬಾಳುತ್ತದೆ. ಅದರ ರಕ್ಷಣೆಗೆಂದೇ 2011ರಲ್ಲಿ ರಂಗಯ್ಯನದುರ್ಗ ವನ್ಯಧಾಮವು ಸ್ಥಾಪಿತವಾಯಿತು. ಗರಸಿನ ದಾರಿಯಲ್ಲಿ ಹರದಾರಿಗಟ್ಟಲೆ ಮನುಷ್ಯರ ಸುಳಿವಿಲ್ಲದಿರಲು, ಪ್ರವಾಸಿಯು ಇದನ್ನು ನಿರ್ಜನ ಅರಣ್ಯವೆಂದು ಭಾವಿಸುವುದು ಸಹಜ. ಆದರೆ ಆ ಭಾವನೆ ಸರಿಯಲ್ಲ.

ರಸ್ತೆಗಳಿಲ್ಲದ ಕಾಲದಲ್ಲಿ ಈ ಸೀಮೆಯ ವ್ಯಾಪಾರವೆಲ್ಲವೂ ಹೇರೆತ್ತುಗಳ ಬೆನ್ನಿನ ಮೇಲೆ ನಡೆಯುತ್ತಿತ್ತು. ಮಲೆನಾಡಿನ ಅಡಕೆ, ಮೆಣಸು ಬಯಲಿಗಿಳಿಯಬೇಕು. ಬಯಲಿನ ದವಸ, ಬಟ್ಟೆ ಮಲೆಗೇರಬೇಕು. ಈ ವಿನಿಮಯಕ್ಕೆ ನ್ಯಾಮತಿಯು ಪೇಟೆಯಾಯಿತು. 1801ರಲ್ಲಿ ಈ ಭಾಗದಲ್ಲಿ ಸಂಚರಿಸಿದ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ನರು ಬಸವಾಪಟ್ಟಣ, ಹರಿಹರಗಳ ಮಾರ್ಗವಾಗಿ ದಾವಣಗೆರೆಗೆ ಬಂದು, ಅಲ್ಲಿಯ ಕಂಬಳಿಯ ನೇಯ್ಗೆಯನ್ನೂ ವ್ಯಾಪಾರವನ್ನೂ ಬರೆದಿಟ್ಟಿದ್ದಾರೆ. ಹೇರೆತ್ತುಗಳನ್ನು ಹೊಡೆದುಕೊಂಡು ದೇಶದಿಂದ ದೇಶಕ್ಕೆ ನಡೆದವರಲ್ಲಿ ಲಂಬಾಣಿಗಳು ಅಗ್ರಗಣ್ಯರು. 1791-92ರಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೈನ್ಯಕ್ಕೆ ಧಾನ್ಯ ಒದಗಿಸಿದವರೂ ಅವರೇ. ಅವರ ಆರಾಧ್ಯರಾದ ಸೇವಾಲಾಲರು 1739ರಲ್ಲಿ ಜನಿಸಿದರೆಂದು ಪ್ರತೀತಿ. ಆ ಜನ್ಮಸ್ಥಳವಾದ ಸೂರಗೊಂಡನಕೊಪ್ಪವು ನ್ಯಾಮತಿಗೆ ಸೇರಿದ ಗ್ರಾಮ.

ಇಂತಿರಲು, 1830-31ರಲ್ಲಿ ನಗರ ಸೀಮೆಯ ರೈತರು ಕಂದಾಯದ ಪೀಡೆಯನ್ನು ತಾಳಲಾರದೆ ದಂಗೆಯೆದ್ದರು. ಹೊನ್ನಾಳಿಯ ಕೋಟೆಯೂ ಆ ಕಲಹಕ್ಕೆ ಸಿಕ್ಕಿತು. ಅದನ್ನೇ ನೆಪವಾಗಿಟ್ಟುಕೊಂಡು ಇಂಗ್ಲಿಷರು 1831ರಲ್ಲಿ ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡರು. ಮುಂದಿನ ಕಾಲು ಶತಮಾನದಲ್ಲಿ, ಬಹುಮಟ್ಟಿಗೆ ಕಮಿಷನರ್ ಮಾರ್ಕ್ ಕಬ್ಬನ್ನರ ಅಧಿಕಾರದಲ್ಲಿ, ಸಂಸ್ಥಾನದಲ್ಲಿ ಸುಮಾರು 1,600 ಮೈಲಿ ರಸ್ತೆಯೂ 300ಕ್ಕೆ ಮೇಲ್ಪಟ್ಟ ಸೇತುವೆಗಳೂ ಆದುವು. ಬಂಡಿಗೆ ದಾರಿಯಾಯಿತು. ಒಂದು ಜೋಡಿ ಎತ್ತು ಬಂಡಿಯಲ್ಲಿ ಎಳೆಯುವ ಸರಕಿಗೆ ಹೇರೆತ್ತುಗಳ ಹಿಂಡೇ ಬೇಕಾಗಿದ್ದಿತು. ಸ್ಪರ್ಧೆ ಹೇಗೆ ಸಾಧ್ಯ? 1889ರಲ್ಲಿ ರೈಲು ಹರಿಹರವನ್ನೂ, 1899ರಲ್ಲಿ ಬೀರೂರಿನಿಂದ ಶಿವಮೊಗ್ಗೆಯನ್ನೂ ಮುಟ್ಟಲು, ಹೇರಿನ ಕಸುಬು ನೆಲಕಚ್ಚಿತು. ವಿಚಿತ್ರವೇನೆಂದರೆ, ನಮ್ಮ ಈ ನಾಲ್ಕು ಊರುಗಳಿಗೆ ಆ ರೈಲು ಬರಲೇ ಇಲ್ಲ, ಇಂದಿಗೂ ಬಂದಿಲ್ಲ. ಹಳೆಯ ಜೀವನೋಪಾಯವು ಹೋಯಿತು, ಹೊಸ ಸೌಕರ್ಯವು ದೂರದಲ್ಲೇ ಉಳಿಯಿತು. ನಡೆದಾಡುವ ತಾಂಡಗಳು ಕಾಡಂಚಿನಲ್ಲಿ ನೆಲೆನಿಂತು, ಕೂಲಿಗೂ ಬೇಸಾಯಕ್ಕೂ ಕೈಹಾಕಿದುವು.

ರಸ್ತೆ ಮಾಡಿದುದು ತಪ್ಪೆಂದು ನನ್ನ ಅಭಿಪ್ರಾಯವಲ್ಲ. ಕ್ಷಾಮಕಾಲದಲ್ಲಿ ಬಂಡಿಯ ದಾರಿಯ ಬೆಲೆಯೇನೆಂಬುದನ್ನು ಬಯಲುಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ರಸ್ತೆಗಳ ಚರಿತ್ರೆಯನ್ನು ಕಟ್ಟಿಸಿದವರ ಹೆಸರಿನಲ್ಲಿ ಮಾತ್ರ ಬರೆದರೆ ಅದು ಅರ್ಧ ಚರಿತ್ರೆ. ಈಗಲೂ ವರ್ಷಕ್ಕೊಮ್ಮೆ, ಮಾಘ ಮಾಸದ ಸುಮಾರಿನಲ್ಲಿ, ಮಾಲೆ ಧರಿಸಿದ ಲಂಬಾಣಿ ಭಕ್ತರು ದೂರದೂರದಿಂದ ಸೂರಗೊಂಡನಕೊಪ್ಪಕ್ಕೆ ಕಾಲ್ನಡಿಗೆಯಲ್ಲಿ ಬರುತ್ತಾರೆ. ಅವರ ಜೊತೆಯಲ್ಲಿ ಎತ್ತುಗಳಿಲ್ಲ, ಹೇರಿಲ್ಲ; ನಡಿಗೆ ಮಾತ್ರ ಉಳಿದಿದೆ. ಬೈಸಿಕಲ್ ಪ್ರವಾಸಿಯು ಅವರನ್ನು ಎದುರುಗೊಂಡಾಗ ಕೆಳಗಿಳಿದು ದಾರಿ ಬಿಡುವುದು ಉಚಿತ. ಹಾದಿಯ ಹಿರಿಯರು ಅವರು.