ತೌಕ್ತೆ ಬಿಟ್ಟುಹೋದ ಲೆಕ್ಕ



ಪಂಚಾಶತ್ತಮ ಹಬ್ಬದ ಪ್ರವಚನಕ್ಕೆ ನಿಂತ ಯಾವ ಗುರುವೂ ಗಾಳಿಯ ಮಾತನ್ನು ಎತ್ತದೆ ಪೀಠದಿಂದ ಇಳಿಯುವುದಿಲ್ಲ. ಯೆರೂಸಲೇಮಿನ ಆ ಮನೆಯನ್ನು ತುಂಬಿದ ಬಿರುಗಾಳಿಯ ಸದ್ದನ್ನು ಪ್ರತಿ ವರ್ಷ ನಾವು ಉತ್ಸಾಹದಿಂದಲೇ ವರ್ಣಿಸುತ್ತೇವೆ. 2021ರಲ್ಲಿ ಮಾತ್ರ ಆ ಮಾತು ಗಂಟಲಲ್ಲೇ ಉಳಿಯಿತು. ಆ ವರ್ಷ ಹಬ್ಬ ಬಂದದ್ದು ಮೇ 23ರಂದು. ಅದಕ್ಕೆ ಎಂಟು ದಿನ ಮೊದಲು, ಮೇ 15ರ ಶನಿವಾರ, ತೌಕ್ತೆ ಚಂಡಮಾರುತ ನಮ್ಮ ಕಡಲನ್ನು ಕಲಕಿ ಹೋಗಿತ್ತು. ಕೊರೊನಾದ ಎರಡನೆಯ ಅಲೆಯಿಂದಾಗಿ ಮೇ 10ರಿಂದಲೇ ಲಾಕ್‌ಡೌನ್. ಇಗರ್ಜಿಯ ಬಾಗಿಲು ಮುಚ್ಚಿತ್ತು. ಖಾಲಿ ಬೆಂಚುಗಳ ಮುಂದೆ ಒಂದು ಮೊಬೈಲ್ ಫೋನಿಗೆ ನಾವು ಪ್ರವಚನ ಹೇಳುತ್ತಿದ್ದೆವು. ಅದನ್ನು ನೋಡುತ್ತಿದ್ದವರಲ್ಲಿ ಕೆಲವರ ಮಾಡಿಗೆ ಇನ್ನೂ ಟಾರ್ಪಾಲಿನ್ ಹೊದಿಸಿದೆ ಎಂಬುದು ನಮಗೆ ಗೊತ್ತಿತ್ತು. ಗಾಳಿಯನ್ನು ಹೊಗಳಲು ಬಾಯಿ ಬರಲಿಲ್ಲ.

ನಮ್ಮ ಧರ್ಮಕೇಂದ್ರಗಳ ಶತಮಾನೋತ್ಸವ, ರಜತೋತ್ಸವಗಳಿಗೆ ಸ್ಮರಣ ಸಂಚಿಕೆ ತರುವುದು ವಾಡಿಕೆ. ಅವುಗಳಲ್ಲಿ ಇಸವಿಗಳಿಗೆ ಬರವಿಲ್ಲ. ಕಲ್ಯಾಣಪುರದ ಮಿಲಾಗ್ರಿಸ್ 1678ರದು, ಕಾರ್ಕಳ ಅತ್ತೂರಿನದು 1759ರದು. 1784ರಲ್ಲಿ ಜನರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದದ್ದು, ಇಗರ್ಜಿಗಳು ನೆಲಸಮವಾದದ್ದು, ಮರಳಿ ಕಟ್ಟಿದ್ದು ಎಲ್ಲವೂ ಇವೆ. ಗೋಪುರಕ್ಕೆ ಗಂಟೆ ಯಾರು ಕೊಟ್ಟರು ಎಂಬುದೂ ಇರುತ್ತದೆ. ಆದರೆ ಯಾವ ವರ್ಷ ಯಾವ ಗಾಳಿ ಯಾರ ಮನೆಯ ಮಾಡು ಹಾರಿಸಿತು, ಯಾವ ನೆರೆಗೆ ಎಷ್ಟು ಮಂದಿ ಇಗರ್ಜಿಯ ಮಹಡಿಯಲ್ಲಿ ಮಲಗಿದರು ಎಂಬುದನ್ನು ಹುಡುಕಿದರೆ ಸಿಗುವುದು ಅಪರೂಪ. ಹಿರಿಯರು ‘ಮಾರಿ ಬೊಲ್ಲ’ ಎಂದು ಕರೆಯುತ್ತಿದ್ದ 1923ರ ಮಹಾನೆರೆ ನೇತ್ರಾವತಿ ತೀರದವರ ಬಾಯಲ್ಲಿ ಉಳಿಯಿತು, ಅಷ್ಟೆ. ಆದ್ದರಿಂದ ನಮಗೆ ಗೊತ್ತಿರುವ ಒಂದು ಗಾಳಿಯ ಕಥೆಯನ್ನಾದರೂ ಇಲ್ಲಿ ಬರೆದಿಡೋಣ.

ಮೊದಲು ಹೆಸರಿನ ಮಾತು. ನಮ್ಮಲ್ಲಿ ಹಲವರು ಇಂದಿಗೂ ಅದನ್ನು ‘ಸುಂಟರಗಾಳಿ’ ಎನ್ನುತ್ತಾರೆ. ಸುಂಟರಗಾಳಿ ಬೇರೆ. ಅದು ಕೆಲವು ನೂರು ಅಡಿ ಅಗಲದ ಸುಳಿ. ಕೆಲವೇ ನಿಮಿಷಗಳಲ್ಲಿ ಒಂದು ತೋಟದ ಒಂದು ಸಾಲನ್ನು ಮಲಗಿಸಿ, ಪಕ್ಕದ ಸಾಲನ್ನು ಮುಟ್ಟದೆ ಹೋಗುತ್ತದೆ. ಚಂಡಮಾರುತವಾದರೋ ನೂರಾರು ಕಿಲೋಮೀಟರ್ ಅಗಲಕ್ಕೆ, ದಿನಗಟ್ಟಲೆ ಸುತ್ತುವ ಗಾಳಿ. ಅದರ ನಡುಬಿಂದು ದೂರದ ಕಡಲಲ್ಲಿದ್ದರೂ ಅಂಚು ನಮ್ಮ ಅಂಗಳದಲ್ಲಿರುತ್ತದೆ. ತೌಕ್ತೆ ಎಂಬ ಹೆಸರನ್ನು ಕೊಟ್ಟದ್ದು ಮ್ಯಾನ್ಮಾರ್ ದೇಶ. ಅರ್ಥ, ಜೋರಾಗಿ ಸದ್ದು ಮಾಡುವ ಒಂದು ಜಾತಿಯ ಹಲ್ಲಿ. ಹಲ್ಲಿ ಲೊಚಗುಟ್ಟಿದರೆ ಶಕುನ ನೋಡುವ ಊರು ನಮ್ಮದು. ಈ ಹಲ್ಲಿಯ ಸದ್ದನ್ನು ಹವಾಮಾನ ಇಲಾಖೆ ನಾಲ್ಕು ದಿನ ಮೊದಲೇ ಕೇಳಿಸಿಕೊಂಡಿತ್ತು ಎನ್ನುವುದು ಸಮಾಧಾನ.

ಲಕ್ಷದ್ವೀಪದ ಬಳಿ ಹುಟ್ಟಿದ ವಾಯುಭಾರ ಕುಸಿತ ಮೇ 14ರ ರಾತ್ರಿಯ ಹೊತ್ತಿಗೆ ಚಂಡಮಾರುತವಾಯಿತು. ಮರುದಿನ ಬಲಗೊಳ್ಳುತ್ತಾ, ನೆಲ ಮುಟ್ಟದೆ, ನಮ್ಮ ಕರಾವಳಿಗೆ ಸಮಾನಾಂತರವಾಗಿ ಉತ್ತರಕ್ಕೆ ಸಾಗಿತು. ಕೊನೆಗೆ ಮೇ 17ರ ರಾತ್ರಿ ಗುಜರಾತಿನ ಊನಾ ಸಮೀಪ ದಡಕ್ಕೆ ಅಪ್ಪಳಿಸಿದಾಗ ಗಾಳಿಯ ವೇಗ ಗಂಟೆಗೆ 160ರಿಂದ 170 ಕಿಲೋಮೀಟರ್. ನಮಗೆ ಬಂದದ್ದು ಅದರ ಅಂಚು ಮಾತ್ರ. ಆ ಅಂಚೇ ಮಲ್ಪೆಯಿಂದ ಕಾಪು, ಪಡುಬಿದ್ರಿಯವರೆಗೆ ತಡೆಗೋಡೆಯ ಕಲ್ಲುಗಳನ್ನು ಅಲುಗಿಸಿತು, ತೀರದ ತೆಂಗುಗಳ ಬುಡದ ಮರಳನ್ನು ಒಯ್ಯಿತು.

ಆ ಸಮಯದಲ್ಲಿ ಮೀನುಗಾರಿಕೆಯ ರಜೆಗೆ ಇನ್ನೂ ಎರಡು ವಾರವಿತ್ತು. ಯಾಂತ್ರಿಕ ದೋಣಿಗಳಿಗೆ ಕಡಲು ಮುಚ್ಚುವುದು ಜೂನ್ 1ಕ್ಕೆ. ಎಚ್ಚರಿಕೆ ಮೊದಲೇ ಬಂದಿತ್ತು. ದೋಣಿಯವರು ಕೇಳಿದರು, ದಡಕ್ಕೆ ಮರಳಿದರು. ಆದರೆ ಕಡಲಲ್ಲಿ ಇನ್ನೂ ಕೆಲವರಿದ್ದರು. ಮಂಗಳೂರಿನ ಹೊರಸಮುದ್ರದಲ್ಲಿ ಕಚ್ಚಾತೈಲದ ಹಡಗುಗಳಿಗೆ ಸಂಬಂಧಿಸಿದ ಕೆಲಸಕ್ಕಿದ್ದ ‘ಅಲಯನ್ಸ್’ ಎಂಬ ಟಗ್ ದೋಣಿ 15ರಂದು ಮಗುಚಿತು. ಅದರಲ್ಲಿದ್ದ ಎಂಟು ಮಂದಿಯಲ್ಲಿ ಮೂವರು ಮಾತ್ರ ಜೀವಂತ ದಡ ಸೇರಿದರು. ಮಗುಚಿದ ಟಗ್ ಪಡುಬಿದ್ರಿಯ ಕಿನಾರೆಗೆ ಬಂದು ಬಿತ್ತು. ಇನ್ನೊಂದು ಟಗ್, ‘ಕೋರಮಂಡಲ್ ಸಪೋರ್ಟರ್ 9’, ಕಾಪು-ಮೂಲ್ಕಿಯ ನೇರಕ್ಕೆ ಸಮುದ್ರದೊಳಗಿನ ಬಂಡೆಗೆ ಸಿಕ್ಕಿಕೊಂಡಿತು. ಅದರಲ್ಲಿ ಒಂಬತ್ತು ಮಂದಿ ಎರಡು ರಾತ್ರಿ ಕಳೆದರು. 17ರ ಸೋಮವಾರ ನೌಕಾಪಡೆಯ ಹೆಲಿಕಾಪ್ಟರ್ ನಾಲ್ವರನ್ನು ಎತ್ತಿಕೊಂಡಿತು, ಕೋಸ್ಟ್ ಗಾರ್ಡಿನ ‘ವರಾಹ’ ನೌಕೆ ಐವರನ್ನು ಕರೆತಂದಿತು. ಒಂಬತ್ತೂ ಮಂದಿ ಉಳಿದರು.

ಕಾಪುವಿನ ದೀಪಸ್ತಂಭ 1901ರಿಂದ ಬಂಡೆಯ ಮೇಲೆ ನಿಂತಿದೆ. ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಅದನ್ನು ಹತ್ತದ ಕುಟುಂಬ ನಮ್ಮಲ್ಲಿ ಕಡಿಮೆ. ‘ಇಲ್ಲಿ ಬಂಡೆಗಳಿವೆ, ದೂರವಿರಿ’ ಎಂದು ನಾವಿಕರಿಗೆ ಹೇಳಲೆಂದೇ ಅದನ್ನು ಕಟ್ಟಿದ್ದು. ದಾರಿ ನೋಡಿ ಹಡಗು ತಿರುಗಿಸಬಲ್ಲವನಿಗೆ ದೀಪ ಸಾಕು. ಲಂಗರು ಹಾಕಿ ನಿಂತವನನ್ನು ಗಾಳಿಯೇ ಎಳೆದುಕೊಂಡು ಬಂದರೆ ದೀಪ ಏನು ಮಾಡೀತು?

ಇಲ್ಲಿ ಪ್ರೇಷಿತರ ಕಾರ್ಯಕಲಾಪಗಳ ಇಪ್ಪತ್ತೇಳನೆಯ ಅಧ್ಯಾಯ ನೆನಪಾಗುತ್ತದೆ. ಸೆರೆಯಾಳಾಗಿ ರೋಮಿಗೆ ಹೊರಟಿದ್ದ ಸಂತ ಪೌಲರು, ಋತು ಮೀರಿದೆ, ಈಗ ಹೊರಡುವುದು ಬೇಡ ಎಂದು ಎಚ್ಚರಿಸಿದರು. ಶತಾಧಿಪತಿ ಅವರ ಮಾತಿಗಿಂತ ಹಡಗಿನ ನಾವಿಕನ ಮತ್ತು ಒಡೆಯನ ಮಾತನ್ನು ನಂಬಿದ. ಹಡಗು ಮಾಲ್ಟಾ ದಡದಲ್ಲಿ ಒಡೆಯಿತು. 276 ಮಂದಿ ಹಲಗೆ ಹಿಡಿದು, ಈಜಿ, ಬದುಕಿಕೊಂಡರು. ಸೆಮಿನರಿಯಲ್ಲಿ ಈ ಅಧ್ಯಾಯವನ್ನು ಓದುವಾಗ ನಮ್ಮ ಗಮನವೆಲ್ಲ ಪೌಲರ ವಿಶ್ವಾಸದ ಮೇಲೆ ಇತ್ತು. ಈಗ ಓದುವಾಗ ಬೇರೆ ಪ್ರಶ್ನೆ ಏಳುತ್ತದೆ: ಹುಟ್ಟು ಹಾಕುವವನಿಗೆ, ಹಗ್ಗ ಎಳೆಯುವವನಿಗೆ ಹೊರಡುವುದೋ ನಿಲ್ಲುವುದೋ ಎಂದು ಹೇಳುವ ಅಧಿಕಾರ ಇತ್ತೇ? ನಮ್ಮ ಮೀನುಗಾರ ಎಚ್ಚರಿಕೆ ಕೇಳಿ ದೋಣಿ ತಿರುಗಿಸಿದ, ಏಕೆಂದರೆ ಚುಕ್ಕಾಣಿ ಅವನ ಕೈಯಲ್ಲಿತ್ತು. ಸಂಬಳಕ್ಕೆ ಹೋದವನ ಚುಕ್ಕಾಣಿ ಇನ್ನೊಬ್ಬರ ಕೈಯಲ್ಲಿರುತ್ತದೆ. ತಪ್ಪು ಯಾರದು ಎಂದು ನಿರ್ಧರಿಸುವುದು ತನಿಖೆಯ ಕೆಲಸ, ನಮ್ಮದಲ್ಲ. ಆದರೆ ಅದೇ ಚಂಡಮಾರುತ 17ರಂದು ಮುಂಬಯಿಯ ಆಚೆ ‘ಪಿ-305’ ಎಂಬ ವಸತಿ ನೌಕೆಯನ್ನು ಮುಳುಗಿಸಿದಾಗಲೂ ಸತ್ತ ಎಪ್ಪತ್ತಕ್ಕೂ ಹೆಚ್ಚು ಮಂದಿ ಇಂಥವರೇ, ದೂರದೂರುಗಳಿಂದ ದುಡಿಯಲು ಬಂದವರು. ಗಲ್ಫಿಗೆ, ಹಡಗಿಗೆ ಮಕ್ಕಳನ್ನು ಕಳುಹಿಸಿದ ಎಷ್ಟು ಮನೆಗಳಿವೆ ನಮ್ಮ ವಾರ್ಡುಗಳಲ್ಲಿ! ಪಡುಬಿದ್ರಿಯ ದಡದಲ್ಲಿ ಆ ಟಗ್ಗನ್ನು ದೂರದಿಂದ ನೋಡಿದಾಗ ನಮಗೆ ಹೊಳೆದದ್ದು ಅದೇ.

ಕಡಲಿನ ಕಥೆ ಇದಾದರೆ ಗುಡ್ಡದ ಕಡೆಯದು ಬೇರೆ. ಉಡುಪಿ ನಗರ ಎಂಟು ತಿಂಗಳ ಹಿಂದಷ್ಟೇ ಒದ್ದೆಯಾಗಿತ್ತು. 2020ರ ಸೆಪ್ಟೆಂಬರ್ 20, ಅದೂ ಭಾನುವಾರ, ಒಂದೇ ರಾತ್ರಿಯ ಮಳೆಗೆ ಕಲ್ಸಂಕದ ಬಳಿ ಇಂದ್ರಾಣಿ ಉಕ್ಕಿ ಅಂಗಡಿ-ಮನೆಗಳಿಗೆ ನುಗ್ಗಿತ್ತು. ಕಾರ್ಕಳದ ಕಡೆಯಿಂದ ಇಳಿದು ಬರುವ ಸ್ವರ್ಣಾ ನದಿ ಕಲ್ಯಾಣಪುರದ ಹತ್ತಿರ ಕಡಲಿಗೆ ಹತ್ತಿರವಾಗುತ್ತದೆ. ಮೇಲೆ ಸುರಿದದ್ದು ಕೆಳಗಿನವರ ಹೊಸ್ತಿಲು ದಾಟಿತು. ಗೋಡೆಯ ನೀರಿನ ಗುರುತು ಮಾಸುವ ಮೊದಲೇ ತೌಕ್ತೆ ಬಂತು. ಮಣಿಪಾಲದ ಎತ್ತರದಲ್ಲಿ ನೀರು ನಿಲ್ಲುವುದಿಲ್ಲ, ನಿಜ. ಆದರೆ ಅಲ್ಲಿ ಮುರಕಲ್ಲಿನ ಮೇಲೆ ಮಣ್ಣು ತೆಳು. ಅಕೇಶಿಯಾದಂಥ ಮರಗಳ ಬೇರು ಆಳಕ್ಕೆ ಇಳಿಯದೆ ಅಡ್ಡಡ್ಡ ಹರಡುತ್ತದೆ. ಬಲವಾದ ಗಾಳಿಗೆ ಮರ ಬೇರುಸಹಿತ ಮಗುಚುತ್ತದೆ, ಬೀಳುವಾಗ ವಿದ್ಯುತ್ ತಂತಿಯನ್ನು ಜೊತೆಗೆ ಎಳೆಯುತ್ತದೆ. ಲಾಕ್‌ಡೌನಿನ ದಿನಗಳಲ್ಲಿ, ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್‌ಗಳನ್ನು ನಾವು ಪ್ರಾರ್ಥನೆಯಲ್ಲಿ ನೆನೆದದ್ದು ಕಡಿಮೆಯಾಯಿತು.

ಮಾಡಿನ ಇತಿಹಾಸವನ್ನೂ ಒಮ್ಮೆ ನೋಡಬೇಕು. ನಮ್ಮ ಮುತ್ತಜ್ಜಂದಿರ ಮನೆಗೆ ಮುಳಿಹುಲ್ಲು ಅಥವಾ ಮಡಲಿನ ಹೊದಿಕೆ. ಗಾಳಿ ಬಂದರೆ ಹಾರುತ್ತಿತ್ತು; ಎರಡು ದಿನದಲ್ಲಿ ಹೊಸದು ಹೊದಿಸುತ್ತಿದ್ದರು, ಖರ್ಚು ಬೆವರು ಮಾತ್ರ. 1865ರಲ್ಲಿ ಬಾಸೆಲ್ ಮಿಷನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕ್ರಮೇಣ ಹೆಂಚು ಬಂತು. ಹೆಂಚಿನ ಮಾಡಿನ ಗುಣವೆಂದರೆ ಗಾಳಿ ಅದರ ಸಂದುಗಳಲ್ಲಿ ಉಸಿರಾಡುತ್ತದೆ. ಅಂಚಿನ ನಾಲ್ಕು ಹೆಂಚು, ಕೋಳಿನ ಎರಡು ಹೆಂಚು ಜಾರಿ ಬೀಳುತ್ತವೆ, ಮಾಡು ನಿಲ್ಲುತ್ತದೆ. ಈಗ ಬಡವರ ಮನೆಗೂ, ಸಿರಿವಂತರ ತಾರಸಿಯ ಮೇಲೂ ತಗಡಿನ ಶೀಟು. ಶೀಟಿನ ಅಡಿಗೆ ಗಾಳಿ ಹೊಕ್ಕರೆ ಅದು ಒಂದೊಂದಾಗಿ ಬೀಳುವುದಿಲ್ಲ. ಚೌಕಟ್ಟಿನೊಡನೆ ಎದ್ದು ನೆರೆಮನೆಗೆ ಹೋಗುತ್ತದೆ. ನಮ್ಮ ಧರ್ಮಕೇಂದ್ರದಲ್ಲಿ ಆ ಶನಿವಾರ ಹಾನಿಯಾದ ಒಂದು ಮನೆಯ ಹೆಂಚು ಒಡೆದದ್ದು ಗಾಳಿಯಿಂದಲ್ಲ, ಪಕ್ಕದ ಮನೆಯ ಶೀಟಿನಿಂದ. ಎರಡು ಮನೆಯವರೂ ಆಮೇಲೆ ಕೆಲವು ತಿಂಗಳು ಮಾತು ಬಿಟ್ಟಿದ್ದರು. ಇಂಥ ಹಾನಿಗೆ ಯಾವ ಇಲಾಖೆಯಲ್ಲೂ ಅರ್ಜಿ ನಮೂನೆ ಇಲ್ಲ.

ಮರಗಳ ಲೆಕ್ಕ ಇನ್ನೂ ವಿಚಿತ್ರ. ವಿಪತ್ತು ಪರಿಹಾರ ನಿಧಿಯ ಅಂದಿನ ನಿಯಮದಂತೆ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 18,000 ರೂಪಾಯಿ. ಅದೂ ಮೂರನೆಯ ಒಂದು ಭಾಗವಾದರೂ ಹಾಳಾಗಿದ್ದರೆ, ಹೆಚ್ಚೆಂದರೆ ಎರಡು ಹೆಕ್ಟೇರಿಗೆ. ಮುಂದೆ ಅದು 22,500ಕ್ಕೆ ಏರಿತು. ನಾವು ಕಾಗದ ಹಿಡಿದು ಕೂತು ಲೆಕ್ಕ ಹಾಕಿದೆವು. ಶಾಸ್ತ್ರೀಯ ಅಂತರದಲ್ಲಿ ನೆಟ್ಟರೆ ಒಂದು ಹೆಕ್ಟೇರಿನಲ್ಲಿ ಸುಮಾರು 175 ತೆಂಗು, ಅಥವಾ 1,370ರಷ್ಟು ಅಡಿಕೆ. ಹಾಗಾದರೆ ತೆಂಗಿನ ಮರವೊಂದಕ್ಕೆ ನೂರು ರೂಪಾಯಿ ಚಿಲ್ಲರೆ, ಅಡಿಕೆ ಮರಕ್ಕೆ ಹದಿಮೂರು! ಬಿದ್ದ ತೆಂಗಿನ ಜಾಗದಲ್ಲಿ ಸಸಿ ನೆಟ್ಟರೆ ಫಲ ಕಾಣಲು ಆರೇಳು ವರ್ಷ, ಅಡಿಕೆಗೂ ಐದಾರು. ಕಾರ್ಕಳದ ಕಡೆಯ ಸಣ್ಣ ತೋಟದವನಿಗೆ ಗಾಳಿ ಅರ್ಧ ಗಂಟೆಯ ಸಂಗತಿಯಲ್ಲ, ಮಗಳ ಓದು ಮುಗಿಯುವಷ್ಟು ಉದ್ದದ ಸಂಗತಿ. ಸರಕಾರವನ್ನು ದೂರಲು ಇದನ್ನು ಬರೆಯುತ್ತಿಲ್ಲ. ಹೆಕ್ಟೇರಿನ ಲೆಕ್ಕದಲ್ಲಿ ಮರ ಕಾಣುವುದಿಲ್ಲ ಎನ್ನಲು ಬರೆದೆವು.

‘ಹಿಂದೆ ಇಂಥದ್ದು ಇರಲಿಲ್ಲ ಫಾದರ್’ ಎಂದು ಹಿರಿಯರು ಹೇಳುವಾಗ ನಾವು ತಲೆಯಾಡಿಸಿ ಸುಮ್ಮನಾಗುತ್ತಿದ್ದೆವು, ಹಿರಿಯರಿಗೆ ಹಿಂದಿನದೆಲ್ಲ ಒಳ್ಳೆಯದೇ ಎಂದು. ಆದರೆ ಅವರ ಮಾತಿನಲ್ಲಿ ಹುರುಳಿದೆ. ಹಿಂದೆಲ್ಲ ಚಂಡಮಾರುತವೆಂದರೆ ಬಂಗಾಳ ಕೊಲ್ಲಿ. ಅಲ್ಲಿ ನಾಲ್ಕು ಎದ್ದರೆ ನಮ್ಮಲ್ಲಿ ಒಂದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2021ರಲ್ಲೇ ಪ್ರಕಟಿಸಿದ ಅಧ್ಯಯನದಂತೆ, 1982ರಿಂದ 2000ದವರೆಗಿನ ಕಾಲಕ್ಕೆ ಹೋಲಿಸಿದರೆ 2001ರಿಂದ 2019ರ ನಡುವೆ ಅರಬ್ಬಿ ಸಮುದ್ರದ ಚಂಡಮಾರುತಗಳು ಶೇಕಡಾ 52ರಷ್ಟು ಹೆಚ್ಚಿವೆ. ಬಂಗಾಳ ಕೊಲ್ಲಿಯಲ್ಲಿ ತುಸು ಇಳಿದಿವೆ. ಕಾರಣ, ಕಡಲಿನ ಮೇಲ್ಪದರ ಬೆಚ್ಚಗಾಗಿರುವುದು. ಬೆಚ್ಚನೆಯ ನೀರೇ ಚಂಡಮಾರುತದ ಆಹಾರ. 2009ರ ಫಿಯಾನ್, 2017ರ ಒಖಿ, 2019ರ ಕ್ಯಾರ್ – ಹೆಸರುಗಳೇ ಸಾಲಾಗಿ ನಿಲ್ಲುತ್ತವೆ. ಮೇ ತಿಂಗಳು ನಮ್ಮಲ್ಲಿ ಮದುವೆಯ ತಿಂಗಳು, ಹಪ್ಪಳ ಒಣಗಿಸುವ ತಿಂಗಳು, ಮಳೆಗೆ ಮೊದಲು ಹೆಂಚು ಕೈಯಾಡಿಸುವ ತಿಂಗಳು. ಆ ಕೆಲಸವನ್ನು ಇನ್ನು ಏಪ್ರಿಲಿನಲ್ಲೇ ಮುಗಿಸಿ ಎಂದು ನಾವು ಈಚೆಗೆ ಪೂಜೆಯ ಕೊನೆಯ ಪ್ರಕಟಣೆಗಳಲ್ಲಿ ಸೇರಿಸುತ್ತಿದ್ದೇವೆ. ಕೆಲವರು ನಗುತ್ತಾರೆ, ನಗಲಿ.

ಆ ವಾರ ಗುರಿಕಾರರು ವಾರ್ಡುವಾರು ಸುತ್ತಿ ಹಾನಿಯ ಪಟ್ಟಿ ಮಾಡಿದರು. ಮಾಸ್ಕ್ ಹಾಕಿಕೊಂಡು, ಗೇಟಿನ ಹೊರಗೇ ನಿಂತು. ಮನೆಯ ಸಂಖ್ಯೆ, ಹೆಂಚು, ಶೀಟು, ತೆಂಗು, ಅಡಿಕೆ, ಬಾವಿಕಟ್ಟೆ ಎಂದು ಅಂಕಣಗಳು. ಒಬ್ಬ ವಿಧವೆ ತಾಯಿ ತನ್ನ ಹಲಸಿನ ಮರವನ್ನೂ ಬರೆಯಿರಿ ಎಂದರಂತೆ. ಮದುವೆಯಾದ ವರ್ಷ ಗಂಡ ನೆಟ್ಟದ್ದು. ಹಲಸಿಗೆ ಅಂಕಣವಿಲ್ಲ, ಪರಿಹಾರವೂ ಬರುವುದಿಲ್ಲ ಎಂದು ಗುರಿಕಾರರು ವಿವರಿಸಿದರು. ದುಡ್ಡಿಗಲ್ಲ, ಬಿದ್ದದ್ದು ಬರೆದಿರಬೇಕು ಎಂದರು ಆಕೆ. ಆ ಪಟ್ಟಿ ಈಗ ನಮ್ಮ ಕಚೇರಿಯಲ್ಲಿ, ಜ್ಞಾನಸ್ನಾನ ಮತ್ತು ಮರಣದ ದಾಖಲೆ ಪುಸ್ತಕಗಳ ಕಪಾಟಿನಲ್ಲೇ ಇದೆ. ಆ ಮನೆಯ ಸಾಲಿನ ಎದುರು, ಅಂಚಿನ ಖಾಲಿ ಜಾಗದಲ್ಲಿ, ಪೆನ್ಸಿಲಿನಿಂದ ‘ಹಲಸು 1’ ಎಂದು ಬರೆದಿದೆ.